32ಕ್ಕೇ ಹೀರೋ ತಾಯಿ ಪಾತ್ರ ಬಂದಿದೆ, ಒಪ್ಪಿಕೊಳ್ಳಲಾ?

ಕೇಳಿದವರು: ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ನನಗೆ 32 ವರ್ಷ. ಮೈಸೂರಿನಲ್ಲಿ ಒಂಬತ್ತು ವರ್ಷದಿಂದ ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತಿದ್ದೇನೆ. ಹೊಟ್ಟೆಪಾಡಿಗೆ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್. ಹೋದ ತಿಂಗಳು ನಮ್ಮ ನಾಟಕ ನೋಡಿದ ಒಬ್ಬರು ಬೆಂಗಳೂರಿಗೆ ಆಡಿಷನ್‌ಗೆ ಕರೆದರು. ಹೋಗಿ ಬಂದೆ. ಮೊನ್ನೆ ಫೋನ್ ಬಂತು. ಡೈಲಿ ಸೀರಿಯಲ್, ಸೆಲೆಕ್ಟ್ ಆಗಿದ್ದೀರಿ, ಮುಂದಿನ ವಾರ ಲುಕ್ ಟೆಸ್ಟ್‌ಗೆ, ಅಂದರೆ ಪಾತ್ರದ ವೇಷ ಹಾಕಿ ನೋಡುವುದಕ್ಕೆ, ಬನ್ನಿ ಅಂದರು.

ಪಾತ್ರ ಹೀರೋ ತಾಯಿ. ಹೀರೋ ಆಗುವ ಹುಡುಗನಿಗೆ 27. ನನಗಿಂತ ಐದೇ ವರ್ಷ ಚಿಕ್ಕವನು.

ಅಮ್ಮನಿಗೆ ಖುಷಿಯೋ ಖುಷಿ. ತಂಡದ ಗೆಳೆಯರು ಮಾತ್ರ ಬೇಡ ಅನ್ನುತ್ತಿದ್ದಾರೆ. ಒಂದು ಸಲ ತಾಯಿ ಆದರೆ ಸಾಯೋವರೆಗೂ ತಾಯಿ, ಸಿನಿಮಾದವರು ತಿರುಗಿಯೂ ನೋಡಲ್ಲ ಅಂತ. ನನ್ನ ಮನಸ್ಸಲ್ಲಿ ಇರುವುದು ಸಿನಿಮಾ. ಒಳ್ಳೇ ಪಾತ್ರ, ಚಿಕ್ಕದಾದರೂ ಸರಿ. ಹೀರೋಯಿನ್ ಆಗಬೇಕು ಅಂತ ಯಾವತ್ತೂ ಅಂದುಕೊಂಡವಳಲ್ಲ. ಆದರೂ ಮೊನ್ನೆ ರಾತ್ರಿ ಕನ್ನಡಿ ಮುಂದೆ ನಿಂತು ಕೂದಲಿಗೆ ಪೌಡರ್ ಹಚ್ಚಿ ನೋಡಿಕೊಂಡೆ. ಅಳು ಬಂತು. ಯಾಕೆ ಅಂತ ನನಗೇ ಗೊತ್ತಾಗಲಿಲ್ಲ.

ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ. ಒಪ್ಪಿಕೊಂಡರೆ ನಿಜವಾಗಲೂ ಅಲ್ಲಿಗೇ ಮುಗಿಯುತ್ತಾ? ಶಾಲೆ ಕೆಲಸ ಬಿಡಬೇಕಾಗುತ್ತಾ?

ಉತ್ತರ: ಹಳೇಸೀರೆ

ತಂಗಿ, ಪೌಡರ್ ವಿಷಯ ಓದಿ ನನಗೂ ಕಣ್ಣು ತುಂಬಿತು. ನಾನು ಸೀರಿಯಲ್‌ಗೆ ಬಂದು ಹದಿಮೂರು ವರ್ಷ. ಮೊದಲು ನಾಯಕಿಯ ಅಕ್ಕ, ಆಮೇಲೆ ಅತ್ತಿಗೆ, 34ಕ್ಕೆ ತಾಯಿ. ಈಗ 42. ಸದ್ಯ ಒಂದು ಕಡೆ ಅಜ್ಜಿ ಮಾಡುತ್ತಿದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು.

ನಿಮ್ಮ ಗೆಳೆಯರ ಮಾತಲ್ಲಿ ಅರ್ಧ ನಿಜ ಇದೆ, ಮುಚ್ಚಿಡಲ್ಲ. ತಾಯಿ ಪಾತ್ರ ಗೆದ್ದರೆ ಮುಂದಿನ ಫೋನ್ ಕೂಡ ತಾಯಿಗೇ ಬರುತ್ತದೆ. ಮ್ಯಾನೇಜರ್‌ಗಳ ತಲೆಯಲ್ಲಿ ಒಂದೊಂದು ಪಾತ್ರಕ್ಕೂ ಒಂದು ಪಟ್ಟಿ ಇರುತ್ತದೆ. ನಿಮ್ಮ ಹೆಸರು ತಾಯಂದಿರ ಪಟ್ಟಿಗೆ ಹೋಗುತ್ತದೆ. ಆದರೆ ವಯಸ್ಸಿನ ಲೆಕ್ಕ ಹಾಕಿ ಅಳಬೇಡಿ.

ಉಮಾಶ್ರೀ ಅವರನ್ನೇ ನೋಡಿ. ಅವರು ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ‘ಪುಟ್ನಂಜ’ ಬಂದದ್ದು 1995ರಲ್ಲಿ. ಅಂದರೆ ಆಗ ಅವರಿಗೆ 38. ಅದರಲ್ಲಿ ಅವರು ರವಿಚಂದ್ರನ್ ಅವರಿಗೆ ಅಜ್ಜಿ, ಪುಟ್ಟಮಲ್ಲಿ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ. ನೀವು ಐದು ವರ್ಷ ಚಿಕ್ಕವನಿಗೆ ತಾಯಿ ಆಗೋದಾ ಅಂತ ಸಂಕಟಪಡುತ್ತಿದ್ದೀರಿ. ಅವರು ನಾಲ್ಕು ವರ್ಷ ಚಿಕ್ಕವರಿಗೆ ಅಜ್ಜಿಯೇ ಆದರು. ಇವತ್ತಿಗೂ ಆ ಸಿನಿಮಾ ಟೀವಿಯಲ್ಲಿ ಬಂದರೆ ನಮ್ಮ ಮನೆಯಲ್ಲಿ ಕಾಯೋದು ಪುಟ್ಟಮಲ್ಲಿಗೇ.

ಅಜ್ಜಿ ಆದ ಮೇಲೆ ಅವರ ದಾರಿ ಮುಚ್ಚಿತಾ? ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ ಬಂದದ್ದು 2008ರಲ್ಲಿ. ಉಮಾಶ್ರೀಗೆ 51. ಇಡೀ ಸಿನಿಮಾ ಅವರ ಮೇಲೇ ನಿಂತಿದೆ. ಅದಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ನೀವು ನೋಡಿಲ್ಲದಿದ್ದರೆ ಲುಕ್ ಟೆಸ್ಟ್‌ಗೆ ಮುಂಚೆ ಖಂಡಿತ ನೋಡಿ. ಕರಾವಳಿಯ ಮೀನುಗಾರರ ಊರಿನ ಸೂಲಗಿತ್ತಿ ಗುಲಾಬಿ. ಸಿನಿಮಾ ಅಂದರೆ ಅವಳಿಗೆ ಪ್ರಾಣ. ಹೆರಿಗೆ ಮಾಡಿಸಿದ ಮನೆಯವರು ಅವಳಿಗೊಂದು ಕಲರ್ ಟೀವಿ ಕೊಡಿಸುತ್ತಾರೆ. ವೈದೇಹಿ ಅವರ ಕಥೆಯಲ್ಲಿ ಊರಿಗೆ ಟಾಕೀಸ್ ಬರುತ್ತದೆ, ಸಿನಿಮಾದಲ್ಲಿ ಅದು ಟೀವಿ ಆಗಿದೆ. ಗುಲಾಬಿ ಪರದೆ ನೋಡುವಾಗ ನೀವು ಅವಳ ಮುಖ ನೋಡಿ. ಮಾತಿಲ್ಲ, ಅಳುವಿಲ್ಲ. ಬರೀ ನೋಡುವುದು. ಹಾಗೆ ನೋಡುವುದಕ್ಕೆ ಎಷ್ಟು ವರ್ಷ ಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನೂ ಹಿಂದೆ ಹೋದರೆ 1984ರಲ್ಲಿ ಕಾಶೀನಾಥ್ ಅವರ ‘ಅನುಭವ’. ಆಮೇಲೆ ವರ್ಷಗಟ್ಟಲೆ ಹಾಸ್ಯ ಪಾತ್ರಗಳು. ಎಷ್ಟೋ ಪಾತ್ರಗಳಲ್ಲಿ ಎರಡರ್ಥದ ಮಾತೇ ಜಾಸ್ತಿ. ಜನ ಅವರನ್ನು ‘ಕಾಮಿಡಿ’ ಅನ್ನುವ ಡಬ್ಬಿಗೆ ಹಾಕಿಬಿಟ್ಟಿದ್ದರು. ಅದೇ ಉಮಾಶ್ರೀ ನಾಟಕಕ್ಕೆ ಬಂದರೆ ದೇವನೂರ ಮಹಾದೇವ ಅವರ ‘ಒಡಲಾಳ’ದ ಸಾಕವ್ವ. ರಂಗ ನಿರ್ದೇಶಕ ಸಿಜಿಕೆ ಅವರ ನಿರ್ದೇಶನ. ಕಳೆದುಹೋದ ಹುಂಜ ಹುಡುಕುವ ಮುದುಕಿ. ಆ ಸಾಕವ್ವನನ್ನು ನೋಡಿದವರು ಯಾರೂ ಅವರನ್ನು ಬರೀ ಕಾಮಿಡಿ ನಟಿ ಅನ್ನಲಿಲ್ಲ. ನಾನು ನಿಮಗೆ ಹೇಳಬೇಕಾದ್ದು ಇದೇ. ಯಾವ ಪಾತ್ರ ಬೇಕಾದರೂ ಒಪ್ಪಿಕೊಳ್ಳಿ, ನಾಟಕ ಮಾತ್ರ ಬಿಡಬೇಡಿ. ಮ್ಯಾನೇಜರ್ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿದೆ ಅನ್ನುವುದು ನಿಮ್ಮ ಕೈಲಿಲ್ಲ. ವರ್ಷಕ್ಕೆ ಎರಡು ನಾಟಕ ಮಾಡುವುದು ನಿಮ್ಮ ಕೈಲಿದೆ.

ನಾನು ಬಿಟ್ಟೆ. ಆರು ವರ್ಷ ಬಿಟ್ಟೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ. ತಾಯಿ ಅಂದ ತಕ್ಷಣ ಎಲ್ಲ ತಾಯಿಯೂ ಒಂದೇ ಅಲ್ಲ. ನನ್ನ ಮೊದಲ ತಾಯಿ ಪಾತ್ರಕ್ಕೆ ಕೆಲಸವೇ ಇರಲಿಲ್ಲ. ದೊಡ್ಡ ಮನೆ, ಊಟದ ಟೇಬಲ್, ಹನ್ನೊಂದು ಜನ. ಮಾತಾಡುವವರು ಮೂರು ಜನ. ನಾವು ಉಳಿದವರು ಹಿಂದೆ ನಿಲ್ಲೋದು. ಮೊದಲು ಎಲ್ಲರೂ ಕಾಣುವ ಮಾಸ್ಟರ್ ಶಾಟ್. ಆಮೇಲೆ ಮಾತಾಡುವವರ ಮುಖದ ಕ್ಲೋಸ್. ಕೊನೆಗೆ ನಮ್ಮ ಸರದಿ. ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ಬರುತ್ತದೆ. ‘ಶಾಕ್ ಕೊಡಿ ಮೇಡಂ... ಈಗ ಕೋಪ... ಈಗ ಕಣ್ಣೀರು’ ಅಂತ ಪಕ್ಕದಿಂದ ಹೇಳುತ್ತಾರೆ. ಎದುರಿಗೆ ಯಾರೂ ಇರಲ್ಲ, ಗೋಡೆ ನೋಡಿ ಕೊಡಬೇಕು. ಒಂದು ದಿನ ರಾತ್ರಿ ಎಂಟೂವರೆಗೆ, ರೇಷ್ಮೆ ಸೀರೆಯಲ್ಲಿ ಬೆಳಗಿನಿಂದ ನಿಂತವಳು, ಗ್ಲಿಸರಿನ್ ಹಾಕಿಸಿಕೊಂಡು ಅಳುತ್ತಿದ್ದೆ. ಯಾಕೆ ಅಳುತ್ತಿದ್ದೇನೆ ಅಂತ ಆ ಕ್ಷಣ ಮರೆತುಹೋಯಿತು. ಕಥೆಯಲ್ಲಿ ಯಾರಿಗೆ ಏನಾಗಿದೆ ಅಂತ ನೆನಪಿಗೆ ಬರಲಿಲ್ಲ. ಶಾಟ್ ಓಕೆ ಆಯಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೆ ಎದುರಾಗಿ ಉಮಾಶ್ರೀ ಅವರೇ ಮಾಡಿದ ಪುಟ್ಟಕ್ಕನನ್ನು ನೋಡಿ. ‘ಪುಟ್ಟಕ್ಕನ ಮಕ್ಕಳು’ ಜೀ ಕನ್ನಡದಲ್ಲಿ ಶುರುವಾದದ್ದು 2021ರ ಡಿಸೆಂಬರ್‌ನಲ್ಲಿ. ಮೂರು ಹೆಣ್ಣುಮಕ್ಕಳು, ಬಿಟ್ಟುಹೋದ ಗಂಡ, ಒಂದು ಮೆಸ್. ಆ ತಾಯಿಗೆ ಕೈತುಂಬಾ ಕೆಲಸ ಇದೆ. ಅಡುಗೆ ಮಾಡಬೇಕು, ಬಡಿಸಬೇಕು, ಮಕ್ಕಳನ್ನು ದಡ ಹತ್ತಿಸಬೇಕು, ಎದುರು ನಿಂತವರಿಗೆ ಉತ್ತರ ಕೊಡಬೇಕು. ಅವಳ ಹೆಸರೇ ಸೀರಿಯಲ್ ಹೆಸರು. ಹಾಗಾಗಿ ನೀವು ಅವರನ್ನು ಕೇಳಬೇಕಾದ ಪ್ರಶ್ನೆ ‘ನನ್ನ ವಯಸ್ಸೆಷ್ಟು’ ಅಂತ ಅಲ್ಲ. ಈ ತಾಯಿಗೆ ಏನು ಬೇಕು? ಯಾರ ಜೊತೆ ಅವಳ ಜಗಳ? ಮೊದಲ ತಿಂಗಳ ಕಥೆಯ ಎಳೆ ಹೇಳಿ ಅನ್ನಿ. ಹೇಳಲು ಅವರ ಹತ್ತಿರ ಏನೂ ಇಲ್ಲ ಅಂದರೆ ನಿಮಗೂ ಅಲ್ಲಿ ಮಾಡಲು ಏನೂ ಇರಲ್ಲ.

ವೇಷದ ಬಗ್ಗೆ ಒಂದು ಮಾತು. ಕಿವಿ ಪಕ್ಕ ಬಿಳಿ ಹಚ್ಚಿದರೆ ವಯಸ್ಸು ಬರಲ್ಲ. ನನಗೆ ಅದು ಬಂದದ್ದು ನಮ್ಮಜ್ಜಿಯಿಂದ. ನೆಲದಿಂದ ಏಳುವ ಮುಂಚೆ ಅವರು ಮೊದಲು ಗೋಡೆ ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕುತ್ತಿದ್ದರು. ಆಮೇಲೆ ಎಡಗೈ ಮಂಡಿ ಮೇಲೆ. ಆಮೇಲೆ ಒಂದು ಉಸಿರು. ಆಮೇಲೆ ಏಳುವುದು. ನೀವೂ ಮನೆಯಲ್ಲಿರುವ ದೊಡ್ಡವರನ್ನು ಹೀಗೆ ನೋಡಿ.

ಉತ್ತರ: ಕ್ಲ್ಯಾಪ್‌ಹುಡುಗ

ನಮಸ್ಕಾರ ಮೇಡಂ. ನಾನು ಎಂಟು ವರ್ಷದಿಂದ ಸೀರಿಯಲ್‌ನಲ್ಲಿ ಅಸಿಸ್ಟೆಂಟ್, ಈಗ ಅಸೋಸಿಯೇಟ್ ಡೈರೆಕ್ಟರ್. ಹಳೇಸೀರೆ ಅಕ್ಕ ಹೇಳಿದ ಆ ‘ಶಾಕ್ ಕೊಡಿ’ ಅನ್ನುವ ಧ್ವನಿ ನನ್ನಂಥವನದೇ. ಅಕ್ಕ, ನಮಗೂ ಬೇಜಾರಾಗುತ್ತದೆ. ದಿನಕ್ಕೊಂದು ಎಪಿಸೋಡ್ ಪ್ರಸಾರ ಆಗಬೇಕು. ಬ್ಯಾಂಕಿಂಗ್, ಅಂದರೆ ಮೊದಲೇ ತೆಗೆದಿಟ್ಟ ಎಪಿಸೋಡ್‌ಗಳು, ಇಲ್ಲದಿದ್ದರೆ ಬೆಳಿಗ್ಗೆ ತೆಗೆದದ್ದು ರಾತ್ರಿ ಎಡಿಟ್‌ಗೆ ಓಡಬೇಕು. ಗುರುವಾರ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನುವ ನಂಬರ್, ಬರುತ್ತದೆ. ನಂಬರ್ ಬಿದ್ದರೆ ಕಥೆಯೇ ತಿರುಗುತ್ತದೆ. ಬೆಳಿಗ್ಗೆ ಸೆಟ್‌ಗೆ ಬಂದ ಮೇಲೆ ಸೀನ್ ಪೇಪರ್ ಕೈಗೆ ಸಿಗುವ ದಿನಗಳೂ ಇವೆ.

ನಾನು ಲೆಕ್ಕಾಚಾರದ ವಿಷಯ ಮಾತ್ರ ಹೇಳುತ್ತೇನೆ, ಯಾಕೆಂದರೆ ನಾಟಕದಿಂದ ಬಂದವರು ಇದನ್ನು ಕೇಳಲು ನಾಚಿಕೊಳ್ಳುತ್ತಾರೆ.

ದಿನಕ್ಕೆ ಇಷ್ಟು ಅಂತ ಸಂಭಾವನೆ ಇರುತ್ತದೆ. ಅದರ ಜೊತೆಗೆ ತಿಂಗಳಿಗೆ ಕಡಿಮೆ ಅಂದರೆ ಎಷ್ಟು ದಿನ ಅಂತ ಬರೆಸಿಕೊಳ್ಳಿ. ದಿನದ ರೇಟ್ ಚೆನ್ನಾಗಿದ್ದು ತಿಂಗಳಿಗೆ ನಾಲ್ಕೇ ದಿನ ಕರೆದರೆ ಬೆಂಗಳೂರಿನ ಬಾಡಿಗೆ ಕಟ್ಟಕ್ಕಾಗಲ್ಲ. ದುಡ್ಡು ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಅಂತ ಕೇಳಿ. ಕೆಲಸ ಮಾಡಿದ ತಿಂಗಳೇ ಬರುತ್ತದೆ ಅಂದುಕೊಳ್ಳಬೇಡಿ. ನನಗೇ ಒಂದು ಕಡೆ ಐದು ತಿಂಗಳು ಕಾಯಿಸಿದರು. ಹತ್ತು ಪರ್ಸೆಂಟ್ ಟಿಡಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿದು ಕೊಡುತ್ತಾರೆ. ಆದಾಯ ತೆರಿಗೆ ರಿಟರ್ನ್ ಹಾಕಿದರೆ, ನಿಮಗೆ ಅಷ್ಟು ತೆರಿಗೆ ಬೀಳದಿದ್ದರೆ, ಅದು ವಾಪಸ್ ಬರುತ್ತದೆ. ಎಷ್ಟೋ ಕಲಾವಿದರು ರಿಟರ್ನ್ ಹಾಕದೆ ಆ ದುಡ್ಡು ಬಿಟ್ಟುಬಿಡುತ್ತಾರೆ.

ಸೀರೆ ಯಾರದು ಅಂತ ಕೇಳಿ. ಇದು ಚಿಕ್ಕ ವಿಷಯ ಅಲ್ಲ. ಕೆಲವು ಕಡೆ ಕಾಸ್ಟ್ಯೂಮ್ ಪ್ರೊಡಕ್ಷನ್ ಕೊಡುತ್ತದೆ. ಕೆಲವು ಕಡೆ ತಾಯಿ ಪಾತ್ರದವರು ತಮ್ಮದೇ ಸೀರೆ ತರಬೇಕು. ಶ್ರೀಮಂತ ಮನೆಯ ತಾಯಿ ಆದರೆ ವಾರಕ್ಕೊಂದು ಹೊಸ ಸೀರೆ, ಅದಕ್ಕೆ ಹೊಂದುವ ಬ್ಲೌಸ್. ಬಂದ ದುಡ್ಡು ಅಲ್ಲೇ ಹೋಗುತ್ತದೆ.

ಎಕ್ಸ್‌ಕ್ಲೂಸಿವ್ ಅನ್ನುವ ಷರತ್ತು ಇದೆಯಾ ನೋಡಿ. ಬೇರೆ ಚಾನೆಲ್ ಬೇಡ ಅನ್ನುವುದು ಸರಿ. ಸಿನಿಮಾ, ನಾಟಕಕ್ಕೂ ಸೇರಿಸಿ ಬರೆದಿದ್ದರೆ ಅದನ್ನು ತೆಗೆಸಿ. ಸಹಿ ಹಾಕುವ ಮುಂಚೆ ಕೇಳಿದರೆ ತೆಗೆಯುತ್ತಾರೆ. ಆಮೇಲೆ ಯಾರೂ ಕೇಳಿಸಿಕೊಳ್ಳಲ್ಲ.

ಕೆಲಸದ ಜಾಗದಲ್ಲಿ ಹೆಂಗಸರಿಗೆ ತೊಂದರೆ ಆದರೆ ದೂರು ಕೊಡಲು ಸಮಿತಿ ಇರಬೇಕು ಅಂತ 2013ರ ಕಾನೂನು ಇದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆ ಸಮಿತಿ ಇರಲೇಬೇಕು. ಯಾರಿಗೆ ಹೇಳಬೇಕು ಅಂತ ಮೊದಲ ದಿನವೇ ಕೇಳಿ. ಕೇಳಿದರೆ ತಪ್ಪು ತಿಳಿಯುವ ಕಡೆ ಇರಬೇಡಿ.

ಆಮೇಲೆ ನಿಮ್ಮ ಪಾಠ ಮಾಡುವ ಕೆಲಸ. ಪ್ರೋಮೋ ಬಂದ ಮೇಲೂ ಪಾತ್ರ ಬದಲಾದದ್ದನ್ನು ನೋಡಿದ್ದೇನೆ. ಮೊದಲ ಎಪಿಸೋಡ್ ಪ್ರಸಾರ ಆಗುವವರೆಗೂ ರಾಜೀನಾಮೆ ಕೊಡಬೇಡಿ. ರಜೆ ಹಾಕಿ.

ಉತ್ತರ: ಕೊನೇಸಾಲು

ನಾನು ನಿವೃತ್ತ ಬ್ಯಾಂಕ್ ನೌಕರ. ಟೌನ್‌ಹಾಲ್, ರವೀಂದ್ರ ಕಲಾಕ್ಷೇತ್ರ ಅಂತ ಐವತ್ತು ವರ್ಷ ನಾಟಕ ನೋಡಿದವನು. ಶಾಲೆ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು ಅನ್ನಿಸಿತು.

ನಟಿ ಭಾರ್ಗವಿ ನಾರಾಯಣ್ ಅವರು ಇಎಸ್‌ಐ ಕಾರ್ಪೊರೇಷನ್‌ನಲ್ಲಿ ಕೆಲಸ ಮಾಡಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಆ ಕೆಲಸ, ನಾಲ್ಕು ಮಕ್ಕಳ ಸಂಸಾರ, ನಾಟಕ, ಸಿನಿಮಾ ಎಲ್ಲ ಒಟ್ಟೊಟ್ಟಿಗೆ. ‘ಪ್ರೊಫೆಸರ್ ಹುಚ್ಚೂರಾಯ’ ಸಿನಿಮಾದ ಪಾತ್ರಕ್ಕೆ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ಟೀವಿಯಲ್ಲಿ ‘ಮಂಥನ’, ‘ಮುಕ್ತ’ದಲ್ಲಿ ಅವರನ್ನು ನೋಡದ ಮನೆ ಇರಲಿಲ್ಲ. ‘ನಾನು, ಭಾರ್ಗವಿ’ ಅಂತ ಆತ್ಮಕಥೆ ಬರೆದಿದ್ದಾರೆ, ಓದಮ್ಮ. 2022ರ ಫೆಬ್ರವರಿಯಲ್ಲಿ ತೀರಿಕೊಂಡರು. ತಿಂಗಳ ಸಂಬಳ ಇದ್ದವರಿಗೆ ಬೇಡದ ಪಾತ್ರಕ್ಕೆ ‘ಆಗಲ್ಲ’ ಅನ್ನುವ ಧೈರ್ಯ ಇರುತ್ತದೆ. ನೀನು ಕೆಲಸ ಬಿಡಬೇಡ.

ಉತ್ತರ: ಹಳೇಸೀರೆ

ಸರ್, ಭಾರ್ಗವಿ ಅಮ್ಮನ ಬಗ್ಗೆ ನೀವು ಹೇಳಿದ್ದು ಓದಿ ತುಂಬಾ ಸಂತೋಷ ಆಯಿತು. ಆದರೆ ಈ ವಿಷಯದಲ್ಲಿ ನಿಮ್ಮ ಮಾತು ಒಪ್ಪಲ್ಲ. ಈಗಿನ ಡೈಲಿ ಸೀರಿಯಲ್‌ಗೆ ತಿಂಗಳಿಗೆ ಹನ್ನೆರಡು, ಹದಿನೈದು ದಿನ ಬೇಕು. ಅದೂ ಮೊದಲೇ ಗೊತ್ತಾಗಲ್ಲ. ನನಗೆ ರಾತ್ರಿ ಹತ್ತಕ್ಕೆ ‘ನಾಳೆ ಬೆಳಿಗ್ಗೆ ಎಂಟಕ್ಕೆ ಬನ್ನಿ ಮೇಡಂ’ ಅಂತ ಎಷ್ಟು ಸಲ ಮೆಸೇಜ್ ಬಂದಿದೆಯೋ ಲೆಕ್ಕ ಇಲ್ಲ. ಮೈಸೂರಿನಲ್ಲಿ ಪಾಠ ಮಾಡುವ ಟೀಚರ್ ಅದನ್ನು ನಿಭಾಯಿಸಕ್ಕಾಗಲ್ಲ. ಪಾಠ ಮಾಡುವ ಮಕ್ಕಳಿಗೂ ಅನ್ಯಾಯ. ಹೋಗುವುದಾದರೆ ಪೂರ್ತಿ ಹೋಗಬೇಕು. ಆರು ತಿಂಗಳ ಖರ್ಚಿಗೆ ಆಗುವಷ್ಟು ಕೈಯಲ್ಲಿ ಇಟ್ಟುಕೊಂಡು ಹೋಗಬೇಕು. ಅದು ಇಲ್ಲ ಅಂದರೆ ಒಂದು ವರ್ಷ ತಡೆಯುವುದೇ ವಾಸಿ.

ಉತ್ತರ: ಕೊನೇಸಾಲು

ಸರಿಯಮ್ಮ, ಸೆಟ್‌ನ ಒಳಗಿನ ವಿಷಯ ನಿಮಗೆ ಜಾಸ್ತಿ ಗೊತ್ತು. ಆದರೆ ನಾಟಕ ಬಿಡಬೇಡ ಅಂದಿರಲ್ಲ, ಅದಕ್ಕೆ ಒಂದು ಸೇರಿಸುತ್ತೇನೆ. 2025ರ ಜನವರಿಯಲ್ಲಿ ಉಮಾಶ್ರೀ ಹೊನ್ನಾವರದಲ್ಲಿ ಯಕ್ಷಗಾನ ಮಾಡಿದರು. ಮಂಥರೆ ಪಾತ್ರ. ಶಾಸಕಿ ಆಗಿದ್ದವರು, ಕನ್ನಡ ಮತ್ತು ಸಂಸ್ಕೃತಿ ಸಚಿವೆ ಆಗಿದ್ದವರು, ಮನೆಮನೆಗೂ ಗೊತ್ತಿರುವ ಪುಟ್ಟಕ್ಕ. 67ನೇ ವಯಸ್ಸಿನಲ್ಲಿ ಕಾಲಿಗೆ ಗೆಜ್ಜೆ ಕಟ್ಟಿ, ಚೆಂಡೆ ಮದ್ದಳೆಗೆ ಹೆಜ್ಜೆ ಹಾಕಲು ಹೊಸದಾಗಿ ಕಲಿತರು. ಬೇಲೂರು ರಘುನಂದನ್ ಅವರ ‘ಶರ್ಮಿಷ್ಠೆ’ಯನ್ನು ಒಬ್ಬರೇ ರಂಗದ ಮೇಲೆ ನಿಂತು ಆಡುತ್ತಾರೆ. ಆ ವಯಸ್ಸಿಗೆ ಇನ್ನೂ ಕಲಿಯುವ ಆಸೆ ಇದೆಯಲ್ಲ, ಅದನ್ನು ನೋಡಿ ನನಗೆ ಕೈಮುಗಿಯೋಣ ಅನ್ನಿಸಿತು.

ಉತ್ತರ: ಕಾವೇರಿತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಿಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ನಿನ್ನೆ ಲುಕ್ ಟೆಸ್ಟ್ ಮುಗಿಸಿ ಬಂದೆ.

ಕಿವಿ ಪಕ್ಕ, ಬೈತಲೆ ಹತ್ತಿರ ಬಿಳಿ ಹಚ್ಚಿದರು. ಕನ್ನಡಿಯಲ್ಲಿ ನೋಡಿಕೊಂಡಾಗ ಈ ಸಲ ಅಳು ಬರಲಿಲ್ಲ, ನಮ್ಮ ದೊಡ್ಡಮ್ಮನ ಮುಖ ಕಾಣಿಸಿತು. ಮೂರು ಸೀರೆಯಲ್ಲಿ ಫೋಟೋ ತೆಗೆದರು. ಆಮೇಲೆ ನೆಲದ ಮೇಲೆ ಕೂತು ಹೂ ಕಟ್ಟುವ ಒಂದು ಸೀನ್ ಮಾಡಿಸಿದರು. ಮಗ ಬಾಗಿಲಿಗೆ ಬಂದ ತಕ್ಷಣ ಏಳಬೇಕು. ನಾನು ಮೊದಲು ಗೋಡೆ ನೋಡಿದೆ. ದೊಡ್ಡಮ್ಮ ಗೋಡೆ ಹಿಡಿಯಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ನೆಲಕ್ಕೆ ಊರಿ ಏಳುತ್ತಾರೆ. ಹಾಗೇ ಎದ್ದೆ. ಡೈರೆಕ್ಟರ್ ಏನೂ ಹೇಳಲಿಲ್ಲ. ಕ್ಯಾಮೆರಾ ಕೆಳಗೆ ಇಳಿಸಿ, ಇನ್ನೊಂದು ಸಲ ಏಳಿ ಅಂದರು.

ಈ ತಾಯಿಗೆ ಏನು ಬೇಕು ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಳಿಗೆ ಅರ್ಧಕ್ಕೆ ಬಿಟ್ಟ ಓದು ಮುಗಿಸಬೇಕು, ಮಗನಿಗೆ ಅದು ಇಷ್ಟ ಇಲ್ಲ ಅಂದರು. ಮೊದಲ ತಿಂಗಳಲ್ಲೇ ಆ ಜಗಳ ಬರುತ್ತದಂತೆ. ನಾನು ಟೀಚರ್ ಅಂತ ಅವರಿಗೆ ಗೊತ್ತಿರಲಿಲ್ಲ.

ಎಕ್ಸ್‌ಕ್ಲೂಸಿವ್ ಷರತ್ತಿನಲ್ಲಿ ನಾಟಕವೂ ಇತ್ತು. ಕೇಳಿದ್ದಕ್ಕೆ ಆ ಸಾಲು ತೆಗೆಯಲು ಒಪ್ಪಿದ್ದಾರೆ. ಸಿನಿಮಾಕ್ಕೆ ಮಾತ್ರ ಮೊದಲೇ ತಿಳಿಸಬೇಕಂತೆ. ಸೀರೆ ಅವರದೇ, ಬ್ಲೌಸ್ ನನ್ನದು. ತಿಂಗಳಿಗೆ ಕಡಿಮೆ ಅಂದರೆ ಹತ್ತು ದಿನ ಅಂತ ಬರೆದು ಕೊಡಲು ಎರಡು ದಿನ ಟೈಮ್ ಕೇಳಿದ್ದಾರೆ. ಅದು ಕೈಗೆ ಬರುವವರೆಗೂ ನಾನು ಸಹಿ ಹಾಕಲ್ಲ. ಶಾಲೆಯಲ್ಲಿ ಸದ್ಯಕ್ಕೆ ರಜೆ ಕೇಳಿದ್ದೇನೆ. ಹತ್ತನೇ ಕ್ಲಾಸಿನ ಎರಡು ಪಾಠ ಬಾಕಿ ಇದೆ, ಅದನ್ನು ಶನಿವಾರ ಮಧ್ಯಾಹ್ನ ಕೂರಿಸಿಕೊಂಡು ಮುಗಿಸಿಕೊಡುತ್ತೇನೆ ಅಂತ ಹೆಡ್ ಮಿಸ್‌ಗೆ ಹೇಳಿ ಬಂದೆ.